ಸಾವಿರದಲ್ಲಿ ಎಷ್ಟು ಜನ? ವೈದ್ಯ-ರೋಗಿ ನಂಬಿಕೆಯ ಲೆಕ್ಕಾಚಾರ

ವೈದ್ಯರ ಎದುರು ಕುಳಿತ ರೋಗಿ ಕೊನೆಗೆ ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: "ಡಾಕ್ಟ್ರೇ, ಗುಣ ಆಗುತ್ತಲ್ಲ?" ಸಿಗುವ ಉತ್ತರವೂ ಬಹುಮಟ್ಟಿಗೆ ಒಂದೇ: "ಹೆದರಬೇಡಿ, ನೂರಕ್ಕೆ ನೂರು ಗುಣವಾಗುತ್ತೆ." ಈ ಉತ್ತರದಲ್ಲಿ ಕರುಣೆಯಿದೆ, ಧೈರ್ಯ ತುಂಬುವ ಇಚ್ಛೆಯಿದೆ. ಆದರೆ ಅದರಲ್ಲಿ ಒಂದು ಸಂಖ್ಯೆಯೂ ಇದೆ. ಆ ಸಂಖ್ಯೆ ಎಲ್ಲಿಂದ ಬಂತು?

ಭೌತವಿಜ್ಞಾನದ ಪ್ರಯೋಗಾಲಯದಲ್ಲಿ ವಿದ್ಯಾರ್ಥಿಯೊಬ್ಬ ಲೋಲಕದ ಪ್ರಯೋಗ ಮುಗಿಸಿ, ಗುರುತ್ವ ವೇಗೋತ್ಕರ್ಷ ಸೆಕೆಂಡಿನ ವರ್ಗಕ್ಕೆ 9.8 ಮೀಟರ್ ಎಂದು ಬರೆದು ತಂದರೆ ಅಧ್ಯಾಪಕರು ಕೇಳುವ ಮೊದಲ ಪ್ರಶ್ನೆ "ದೋಷ ಎಷ್ಟು?" ಎಂಬುದು. ದೋಷದ ಮಿತಿಯನ್ನು ಹೇಳದ ಅಳತೆ ಅಪೂರ್ಣ ಎಂದು ನಾವು ಮೊದಲ ವರ್ಷದಿಂದಲೇ ಕಲಿಸುತ್ತೇವೆ. ರಕ್ತಪರೀಕ್ಷೆ, ಎಕ್ಸ್-ರೇ, ಸ್ಕ್ಯಾನ್ ಇವೆಲ್ಲವೂ ಅಳತೆಗಳೇ. ಆದರೂ ಅವುಗಳ ಫಲಿತಾಂಶ ವೈದ್ಯರ ಮೇಜಿನಿಂದ ರೋಗಿಯ ಕೈಗೆ ಬರುವಷ್ಟರಲ್ಲಿ ದೋಷದ ಮಾತು ಎಲ್ಲೋ ಕಳೆದುಹೋಗಿರುತ್ತದೆ. ಹೀಗೆ ಕಳೆದುಹೋಗುವುದರಿಂದ ವೈದ್ಯ ಮತ್ತು ರೋಗಿಯ ನಡುವಿನ ನಂಬಿಕೆ ಗಟ್ಟಿಯಾಗುತ್ತದೆಯೇ, ಸಡಿಲವಾಗುತ್ತದೆಯೇ?

ಈ ಪ್ರಶ್ನೆಯನ್ನು ಸಾಮಾನ್ಯ ಓದುಗರ ಮುಂದೆ ಸ್ಪಷ್ಟವಾಗಿ ಇಟ್ಟ ಪುಸ್ತಕಗಳಲ್ಲಿ ಒಂದು ಜರ್ಮನಿಯ ಮನೋವಿಜ್ಞಾನಿ ಗೆರ್ಡ್ ಗಿಗರೆನ್ಝರ್ ಅವರ 'ರೆಕನಿಂಗ್ ವಿತ್ ರಿಸ್ಕ್'. 2002ರಲ್ಲಿ ಪ್ರಕಟವಾದ ಇದು ಅಮೆರಿಕದಲ್ಲಿ 'ಕ್ಯಾಲ್ಕ್ಯುಲೇಟೆಡ್ ರಿಸ್ಕ್ಸ್' ಎಂಬ ಹೆಸರಿನಲ್ಲಿ ಹೊರಬಂತು. ಗಿಗರೆನ್ಝರ್ ಬಹುಕಾಲ ಬರ್ಲಿನ್ನಿನ ಮ್ಯಾಕ್ಸ್ ಪ್ಲಾಂಕ್ ಮಾನವ ವಿಕಾಸ ಸಂಸ್ಥೆಯಲ್ಲಿ ನಿರ್ದೇಶಕರಾಗಿದ್ದವರು. ಎರಡು ದಶಕಗಳಿಗೂ ಹಿಂದಿನ ಈ ಪುಸ್ತಕವನ್ನು ಇಂದು ಪರಿಶೀಲಿಸಲು ಕಾರಣವಿದೆ. ಅದು ಹೇಳಿದ ಒಂದು ಮಾತು ಈಗಲೂ ನಮ್ಮ ತರಗತಿಗಳನ್ನೂ ಆಸ್ಪತ್ರೆಗಳನ್ನೂ ಸರಿಯಾಗಿ ತಲುಪಿಲ್ಲ. ಅದು ಹೇಳದೆ ಬಿಟ್ಟ ಇನ್ನೊಂದು ಮಾತು ನಮಗೆ ಹೆಚ್ಚು ಅಗತ್ಯವಾದದ್ದು.

ಖಚಿತತೆಯ ಭ್ರಮೆ

ಪುಸ್ತಕದ ಮೂಲ ವಾದ ಸರಳ. ವೈದ್ಯಕೀಯ ಪರೀಕ್ಷೆಗಳು ಖಚಿತ ಉತ್ತರ ಕೊಡುತ್ತವೆ ಎಂಬ ಭ್ರಮೆಯಲ್ಲಿ ರೋಗಿಗಳಿದ್ದಾರೆ. ಅನೇಕ ವೇಳೆ ವೈದ್ಯರೂ ಇದ್ದಾರೆ. ಅನಿಶ್ಚಿತತೆಯನ್ನು ಒಪ್ಪಿಕೊಂಡವರೂ ಅದನ್ನು ಇನ್ನೊಬ್ಬರಿಗೆ ಅರ್ಥವಾಗುವಂತೆ ಹೇಳಲು ತಡವರಿಸುತ್ತಾರೆ. ಇದು ಬುದ್ಧಿಯ ಕೊರತೆಯೆಂದು ಗಿಗರೆನ್ಝರ್ ಭಾವಿಸುವುದಿಲ್ಲ. ಸಂಖ್ಯೆಗಳನ್ನು ನಾವು ಯಾವ ಉಡುಪಿನಲ್ಲಿ ಮುಂದಿಡುತ್ತೇವೆ ಎಂಬುದರಲ್ಲೇ ತೊಡಕಿದೆ ಎಂಬುದು ಅವರ ನಿಲುವು.

ಪುಸ್ತಕದ ಆರಂಭದಲ್ಲಿ ಬರುವ ಮನೋವೈದ್ಯರೊಬ್ಬರ ಪ್ರಸಂಗವನ್ನು ನೋಡಿ. ಅವರು ಖಿನ್ನತೆಗೆ ಪ್ರೋಜ್ಯಾಕ್ ಔಷಧವನ್ನು ಬರೆದುಕೊಡುವಾಗ, ಲೈಂಗಿಕ ತೊಂದರೆ ಉಂಟಾಗುವ ಸಂಭವ ಶೇ. 30ರಿಂದ 50 ಎಂದು ಎಚ್ಚರಿಸುತ್ತಿದ್ದರು. ಕೇಳಿದವರು ಗಾಬರಿಯಾಗುತ್ತಿದ್ದರು. ನಂತರ ಅವರು ತಮ್ಮ ಮಾತನ್ನು ಬದಲಿಸಿದರು: "ನಾನು ಈ ಔಷಧ ಕೊಡುವ ಪ್ರತಿ ಹತ್ತು ಜನರಲ್ಲಿ ಮೂರರಿಂದ ಐದು ಜನರಿಗೆ ಈ ತೊಂದರೆ ಬರುತ್ತದೆ" ಎಂಬ ಅರ್ಥದ ಮಾತು. ಸಂಖ್ಯೆ ಬದಲಾಗಲಿಲ್ಲ, ಗಾಬರಿ ಕಡಿಮೆಯಾಯಿತು. ವಿಚಾರಿಸಿದಾಗ ತಿಳಿದದ್ದೇನು? ಮೊದಲ ಮಾತನ್ನು ಕೇಳಿದವರು ತಮ್ಮ ದಾಂಪತ್ಯದಲ್ಲಿ ಪ್ರತಿ ನೂರು ಸಲಕ್ಕೆ 30ರಿಂದ 50 ಸಲ ತೊಂದರೆಯಾಗುತ್ತದೆ ಎಂದು ತಿಳಿದಿದ್ದರು! ವೈದ್ಯರ ಮನಸ್ಸಿನಲ್ಲಿದ್ದ ನೂರು ರೋಗಿಗಳು, ರೋಗಿಯ ಮನಸ್ಸಿನಲ್ಲಿ ನೂರು ರಾತ್ರಿಗಳಾಗಿದ್ದವು. ಇಬ್ಬರೂ ಒಂದೇ ಭಿನ್ನರಾಶಿಯ ಬಗ್ಗೆ ಮಾತನಾಡುತ್ತಿದ್ದರೂ ಛೇದ ಬೇರೆ ಬೇರೆಯಾಗಿತ್ತು.

ಎಪ್ಪತ್ತೇಳರಲ್ಲಿ ಏಳು

ಪುಸ್ತಕದ ಹೃದಯಭಾಗ ಸ್ತನ ಕ್ಯಾನ್ಸರ್ ತಪಾಸಣೆಯ ಅಧ್ಯಾಯ. ಗಿಗರೆನ್ಝರ್ ಮತ್ತು ಅವರ ಸಹೋದ್ಯೋಗಿಗಳು 48 ಮಂದಿ ಅನುಭವಿ ವೈದ್ಯರಿಗೆ ಒಂದು ಲೆಕ್ಕ ಕೊಟ್ಟರು. ಯಾವ ರೋಗಲಕ್ಷಣವೂ ಇಲ್ಲದ, 40ರಿಂದ 50 ವರ್ಷದ ಮಹಿಳೆಯರ ಗುಂಪೊಂದಿದೆ. ಅವರಲ್ಲಿ ಸ್ತನ ಕ್ಯಾನ್ಸರ್ ಇರುವ ಸಂಭವನೀಯತೆ ಶೇ. 0.8. ಕ್ಯಾನ್ಸರ್ ಇದ್ದರೆ ಮ್ಯಾಮೋಗ್ರಾಮ್ ಅದನ್ನು ಪತ್ತೆ ಹಚ್ಚುವ ಸಂಭವನೀಯತೆ ಶೇ. 90. ಕ್ಯಾನ್ಸರ್ ಇಲ್ಲದಿದ್ದರೂ ಮ್ಯಾಮೋಗ್ರಾಮ್ 'ಪಾಸಿಟಿವ್' ಎನ್ನುವ ಸಂಭವನೀಯತೆ ಶೇ. 7. ಒಬ್ಬ ಮಹಿಳೆಯ ಮ್ಯಾಮೋಗ್ರಾಮ್ ಪಾಸಿಟಿವ್ ಬಂದಿದೆ. ಆಕೆಗೆ ನಿಜವಾಗಿಯೂ ಕ್ಯಾನ್ಸರ್ ಇರುವ ಸಂಭವ ಎಷ್ಟು?

ಓದುಗರು ಮುಂದೆ ಓದುವ ಮುನ್ನ ತಮ್ಮ ಉತ್ತರವನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಲಿ.

ಶೇಕಡಾವಾರು ರೂಪದಲ್ಲಿ ಲೆಕ್ಕ ಪಡೆದ 24 ವೈದ್ಯರ ಉತ್ತರಗಳು ಶೇ. 1ರಿಂದ ಶೇ. 90ರವರೆಗೆ ಹರಡಿದ್ದವು. ಎಂಟು ಮಂದಿ ಶೇ. 90 ಎಂದರು. ಒಂದೇ ವರದಿಯನ್ನು ಹಿಡಿದು ಆ 24 ಮಂದಿಯ ಬಳಿ ಹೋದ ಮಹಿಳೆ ಒಬ್ಬರಿಂದ ಸಾವಿನ ಸುದ್ದಿಯನ್ನೂ ಇನ್ನೊಬ್ಬರಿಂದ ಅಭಯವನ್ನೂ ಪಡೆದು ಬರುತ್ತಿದ್ದಳು!

ಉಳಿದ 24 ವೈದ್ಯರಿಗೆ ಅದೇ ಲೆಕ್ಕವನ್ನು ಬೇರೆ ರೂಪದಲ್ಲಿ ಕೊಡಲಾಯಿತು. ಸಾವಿರ ಮಹಿಳೆಯರನ್ನು ಕಲ್ಪಿಸಿಕೊಳ್ಳಿ. ಅವರಲ್ಲಿ 8 ಮಂದಿಗೆ ಸ್ತನ ಕ್ಯಾನ್ಸರ್ ಇದೆ. ಈ 8ರಲ್ಲಿ 7 ಮಂದಿಯ ಮ್ಯಾಮೋಗ್ರಾಮ್ ಪಾಸಿಟಿವ್ ಬರುತ್ತದೆ. ಉಳಿದ 992 ಮಂದಿಗೆ ಕ್ಯಾನ್ಸರ್ ಇಲ್ಲ. ಆದರೂ ಅವರಲ್ಲಿ ಸುಮಾರು 70 ಮಂದಿಗೆ ಪಾಸಿಟಿವ್ ಬರುತ್ತದೆ. ಒಟ್ಟು ಪಾಸಿಟಿವ್ ಬಂದವರು 77 ಮಂದಿ. ಅವರಲ್ಲಿ ನಿಜಕ್ಕೂ ಕ್ಯಾನ್ಸರ್ ಇರುವವರು 7. ಅಂದರೆ 11ರಲ್ಲಿ ಒಬ್ಬರು, ಸುಮಾರು ಶೇ. 9. ಈ ರೂಪದಲ್ಲಿ ಲೆಕ್ಕ ಪಡೆದ ವೈದ್ಯರಲ್ಲಿ ಹೆಚ್ಚಿನವರು ಸರಿಯುತ್ತರಕ್ಕೆ ಬಂದರು ಅಥವಾ ಅದರ ಸಮೀಪಕ್ಕೆ ಬಂದರು.

ಇದೇ ಬೇಯ್ಸ್ ಪ್ರಮೇಯ. ಆದರೆ ಇಲ್ಲಿ ಪ್ರಮೇಯವೂ ಇಲ್ಲ, ಸೂತ್ರವೂ ಇಲ್ಲ. ತಲೆ ಎಣಿಸುವುದಷ್ಟೇ ಕೆಲಸ. ಗಿಗರೆನ್ಝರ್ ಇದಕ್ಕೆ ಕೊಟ್ಟಿರುವ ಹೆಸರನ್ನು ಕನ್ನಡಕ್ಕೆ ತಂದರೆ 'ಸ್ವಾಭಾವಿಕ ಆವೃತ್ತಿ' ಎಂದಾಗುತ್ತದೆ. ಭೌತವಿಜ್ಞಾನದ ವಿದ್ಯಾರ್ಥಿಗೆ ಆ ಮಾತು ಕೇಳಿದೊಡನೆ ಶ್ರುತಿಕವೆ ನೆನಪಾಗುವುದರಿಂದ ನಾನು 'ತಲೆಯೆಣಿಕೆ' ಎಂದೇ ಕರೆಯುತ್ತೇನೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಈ ಲೆಕ್ಕ ಯಾವ ಲಕ್ಷಣವೂ ಇಲ್ಲದವರ ಸಾಮೂಹಿಕ ತಪಾಸಣೆಗೆ ಸಂಬಂಧಿಸಿದ್ದು. ಎದೆಯಲ್ಲಿ ಗಂಟು ಕಂಡ ಮಹಿಳೆ ಈ ಸಾವಿರದ ಗುಂಪಿಗೆ ಸೇರಿದವಳಲ್ಲ. ಆಕೆ ತಡಮಾಡದೆ ವೈದ್ಯರನ್ನು ಕಾಣಬೇಕು. ಪಾಸಿಟಿವ್ ಬಂದ 77 ಮಂದಿಗೂ ಮುಂದಿನ ಪರೀಕ್ಷೆ ಬೇಕೇ ಬೇಕು. ಆದರೆ ಆ ಮುಂದಿನ ಪರೀಕ್ಷೆಯವರೆಗಿನ ದಿನಗಳನ್ನು 'ಹನ್ನೊಂದರಲ್ಲಿ ಒಂದು' ಎಂಬ ತಿಳಿವಿನೊಡನೆ ಕಳೆಯುವುದಕ್ಕೂ 'ಹತ್ತರಲ್ಲಿ ಒಂಬತ್ತು' ಎಂಬ ತಪ್ಪು ಭಯದೊಡನೆ ಕಳೆಯುವುದಕ್ಕೂ ಇರುವ ಅಂತರ ಆ ಮನೆಯವರಿಗೆ ಗೊತ್ತು.

ಛೇದ ಮರೆತ ಭಿನ್ನರಾಶಿ

ಪುಸ್ತಕ ಎತ್ತಿ ತೋರಿಸುವ ಇನ್ನೊಂದು ಮೋಸ ಸಾಪೇಕ್ಷ ಅಪಾಯದ್ದು. ಸ್ಕಾಟ್‌ಲೆಂಡಿನ ಪಶ್ಚಿಮ ಭಾಗದಲ್ಲಿ ನಡೆದು 1995ರಲ್ಲಿ ಪ್ರಕಟವಾದ ಅಧ್ಯಯನವೊಂದು ಪ್ರವಾಸ್ಟಾಟಿನ್ ಎಂಬ ಕೊಲೆಸ್ಟರಾಲ್ ಇಳಿಸುವ ಔಷಧವನ್ನು ಪರೀಕ್ಷಿಸಿತು. ಸುಮಾರು ಐದು ವರ್ಷಗಳಲ್ಲಿ ಹುಸಿಗುಳಿಗೆ ಪಡೆದ ಸಾವಿರ ಜನರಲ್ಲಿ 41 ಮಂದಿ, ಔಷಧ ಪಡೆದ ಸಾವಿರ ಜನರಲ್ಲಿ 32 ಮಂದಿ ತೀರಿಕೊಂಡರು. ಈ ಫಲಿತಾಂಶವನ್ನು ಮೂರು ರೀತಿಯಲ್ಲಿ ಹೇಳಬಹುದು. ಒಂದು: ಔಷಧ ಸಾವಿನ ಅಪಾಯವನ್ನು ಶೇ. 22ರಷ್ಟು ತಗ್ಗಿಸುತ್ತದೆ. ಎರಡು: ಸಾವಿರ ಜನರಲ್ಲಿ 9 ಮಂದಿಯ ಸಾವು ತಪ್ಪುತ್ತದೆ, ಅಂದರೆ ಶೇ. 0.9. ಮೂರು: ಒಂದು ಸಾವು ತಪ್ಪಿಸಲು 111 ಮಂದಿ ಐದು ವರ್ಷ ಗುಳಿಗೆ ನುಂಗಬೇಕು.

ಮೂರೂ ನಿಜ. ಆದರೆ ಮೊದಲನೆಯದನ್ನು ಕೇಳಿದ ರೋಗಿ ಗುಳಿಗೆಗೆ ಕೈಚಾಚುತ್ತಾನೆ; ಮೂರನೆಯದನ್ನು ಕೇಳಿದವನು "ಸ್ವಲ್ಪ ಯೋಚಿಸಿ ಹೇಳುತ್ತೇನೆ" ಎನ್ನಬಹುದು. ಲಾಭವನ್ನು ಸಾಪೇಕ್ಷ ರೂಪದ ದೊಡ್ಡ ಸಂಖ್ಯೆಯಲ್ಲೂ ಹಾನಿಯನ್ನು ನಿರಪೇಕ್ಷ ರೂಪದ ಚಿಕ್ಕ ಸಂಖ್ಯೆಯಲ್ಲೂ ಮುದ್ರಿಸುವ ಕರಪತ್ರಗಳನ್ನು ಗಿಗರೆನ್ಝರ್ ಕಟುವಾಗಿ ಟೀಕಿಸುತ್ತಾರೆ. ಒಂದೇ ಹಾಳೆಯಲ್ಲಿ ಎರಡು ಅಳತೆಗೋಲು ಬಳಸಿದ ವಿದ್ಯಾರ್ಥಿಗೆ ನಾವು ಅಂಕ ಕೊಡುತ್ತೇವೆಯೇ?

ಇದೇ ಮೋಸ ಭಯದ ದಿಕ್ಕಿನಲ್ಲೂ ಕೆಲಸ ಮಾಡುತ್ತದೆ. ಗಿಗರೆನ್ಝರ್ ತಮ್ಮ ಮುಂದಿನ ಬರಹಗಳಲ್ಲಿ ಮತ್ತೆ ಮತ್ತೆ ಹೇಳುವ ಉದಾಹರಣೆ 1995ರ ಅಕ್ಟೋಬರ್‌ನಲ್ಲಿ ಬ್ರಿಟನ್ನಿನಲ್ಲಿ ನಡೆದದ್ದು. ಮೂರನೆಯ ಪೀಳಿಗೆಯ ಗರ್ಭನಿರೋಧಕ ಗುಳಿಗೆಗಳು ರಕ್ತ ಹೆಪ್ಪುಗಟ್ಟುವ ಅಪಾಯವನ್ನು ಇಮ್ಮಡಿಗೊಳಿಸುತ್ತವೆ ಎಂದು ಅಲ್ಲಿನ ಔಷಧ ಸುರಕ್ಷಾ ಸಮಿತಿ ಎಚ್ಚರಿಸಿತು. ಸುದ್ದಿ ಪತ್ರಿಕೆಗಳಲ್ಲಿ ಹರಡಿ ಬಹಳಷ್ಟು ಮಹಿಳೆಯರು ಗುಳಿಗೆ ನಿಲ್ಲಿಸಿದರು. ಮುಂದಿನ ವರ್ಷ ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಸುಮಾರು 13,000 ಹೆಚ್ಚುವರಿ ಗರ್ಭಪಾತಗಳಾದವೆಂದು ಅಂದಾಜು. ಇಮ್ಮಡಿಯಾದದ್ದು ಏನು? ಹಳೆಯ ಗುಳಿಗೆ ಸೇವಿಸುವ 7,000 ಮಹಿಳೆಯರಲ್ಲಿ ಒಬ್ಬರಿಗೆ ಹೆಪ್ಪುಗಟ್ಟುತ್ತಿತ್ತು. ಹೊಸದರಲ್ಲಿ 7,000ದಲ್ಲಿ ಇಬ್ಬರಿಗೆ. ಗರ್ಭಧಾರಣೆಯಲ್ಲೇ ಇದಕ್ಕಿಂತ ಹೆಚ್ಚಿನ ಹೆಪ್ಪುಗಟ್ಟುವ ಅಪಾಯವಿದೆ. ಎಚ್ಚರಿಕೆ ಸುಳ್ಳಾಗಿರಲಿಲ್ಲ, ಅದರಲ್ಲಿ 7,000 ಎಂಬ ಛೇದ ಮಾತ್ರ ಇರಲಿಲ್ಲ.

ಆ ಸಾವಿರ ಯಾರ ಸಾವಿರ?

ಇಷ್ಟರವರೆಗೆ ಗಿಗರೆನ್ಝರ್ ಅವರೊಡನೆ ನನಗೆ ಸಂಪೂರ್ಣ ಸಹಮತವಿದೆ. ಮುಂದಿನ ಹೆಜ್ಜೆಯಲ್ಲಿ ಭೌತವಿಜ್ಞಾನಿಯಾಗಿ ನನಗೆ ಒಂದು ತೊಡಕು ಕಾಣುತ್ತದೆ.

ಥೈರಾಯ್ಡ್ ಚಿಕಿತ್ಸೆಯಲ್ಲಿ ಬಳಸುವ ಅಯೋಡಿನ್-131 ಎಂಬ ವಿಕಿರಣಶೀಲ ಸಮಸ್ಥಾನಿಯ ಅರ್ಧಾಯು ಸುಮಾರು 8 ದಿನ. ಅದರ ಒಂದು ಲಕ್ಷ ಬೀಜಕೇಂದ್ರಗಳಿದ್ದರೆ 8 ದಿನಗಳಲ್ಲಿ ಸುಮಾರು 50,000 ಕ್ಷಯಿಸುತ್ತವೆ. ಯಾವ 50,000? ಅದನ್ನು ಯಾರೂ ಹೇಳಲಾರರು. ತಲೆಯೆಣಿಕೆಗೆ ಇದಕ್ಕಿಂತ ಶುದ್ಧವಾದ ಉದಾಹರಣೆ ಸಿಗದು. ಆದರೆ ಅಯೋಡಿನ್-131ರ ಬೀಜಕೇಂದ್ರಗಳೆಲ್ಲ ಒಂದೇ ತೆರನಾದವು. ಸ್ಕಾಟ್‌ಲೆಂಡಿನಲ್ಲಿ ಎಣಿಸಿದರೂ ಶಿವಮೊಗ್ಗದಲ್ಲಿ ಎಣಿಸಿದರೂ ಅರ್ಧಾಯು ಅಷ್ಟೇ. ರೋಗಿಗಳು ಹಾಗಲ್ಲ.

ಮೇಲೆ ಹೇಳಿದ ಪ್ರವಾಸ್ಟಾಟಿನ್ ಅಧ್ಯಯನದಲ್ಲಿದ್ದವರು ಕೊಲೆಸ್ಟರಾಲ್ ಹೆಚ್ಚಿದ್ದ, 45ರಿಂದ 64 ವರ್ಷದ ಸ್ಕಾಟ್ ಗಂಡಸರು. ಆ ಸಾವಿರದ ಲೆಕ್ಕವನ್ನು ಹಾವೇರಿಯ ಐವತ್ತು ವರ್ಷದ ರೈತ ಮಹಿಳೆಗೆ ಎಷ್ಟರಮಟ್ಟಿಗೆ ಅನ್ವಯಿಸಬಹುದು? 'ಯಾವ ಗುಂಪಿನಲ್ಲಿ?' ಎಂದು ಕೇಳಬೇಕೆಂಬುದನ್ನು ಪುಸ್ತಕವೇನೋ ಹೇಳುತ್ತದೆ. ಆದರೆ ಕೇಳಿದರೆ ಉತ್ತರ ಸಿಗುತ್ತದೆ ಎಂಬ ವಿಶ್ವಾಸದಲ್ಲಿ ಅದು ಮುಂದೆ ಸಾಗುತ್ತದೆ. ದಾಖಲೆಗಳು ಅಚ್ಚುಕಟ್ಟಾಗಿರುವ ನಾಡಿನಲ್ಲಿ ಆ ವಿಶ್ವಾಸ ಸಲ್ಲುತ್ತದೆ. ನಮ್ಮಲ್ಲೂ ಎಣಿಕೆಯ ಕೆಲಸ ನಡೆದಿಲ್ಲವೆಂದಲ್ಲ. ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮ ಆರಂಭವಾದಾಗ ಮುಂಬಯಿ, ಚೆನ್ನೈಗಳೊಡನೆ ಬೆಂಗಳೂರಿನಲ್ಲೂ, ಕಿದ್ವಾಯಿ ಸಂಸ್ಥೆಯ ಆಶ್ರಯದಲ್ಲಿ, ಜನಸಂಖ್ಯಾಧಾರಿತ ನೋಂದಣಿ 1982ರಲ್ಲಿ ಶುರುವಾಯಿತು. ಆದರೆ ಬೆಂಗಳೂರಿನ ಸಾವಿರ ಕೊಪ್ಪಳದ ಸಾವಿರವಲ್ಲ. ಸರ್ಕಾರದ ತಪಾಸಣಾ ಕಾರ್ಯಕ್ರಮದಲ್ಲಿ 30 ವರ್ಷ ದಾಟಿದ ಮಹಿಳೆಯರಿಗೆ ಗೊತ್ತುಪಡಿಸಿರುವುದು ಆರೋಗ್ಯ ಸಿಬ್ಬಂದಿ ಕೈಯಿಂದ ಮಾಡುವ ಸ್ತನ ಪರೀಕ್ಷೆ, ಮ್ಯಾಮೋಗ್ರಾಮ್ ಅಲ್ಲ. ಆದ್ದರಿಂದ '77ರಲ್ಲಿ 7' ಎಂಬ ಸಂಖ್ಯೆಯನ್ನು ಹಾಗೆಯೇ ಎತ್ತಿ ತಂದು ಇಲ್ಲಿ ನೆಡಲಾಗದು. ಆ ಲೆಕ್ಕದ ವಿಧಾನವನ್ನು ತರಬಹುದು.

'ಈ ಸಂಖ್ಯೆ ನಿಮ್ಮಂಥವರದಲ್ಲ, ಬೇರೆ ದೇಶದವರದು. ನಿಮಗೆ ಸುಮಾರಾಗಿ ಅನ್ವಯಿಸಬಹುದು' ಎಂದು ಹೇಳುವುದೂ ದೋಷದ ಮಿತಿಯನ್ನು ಹೇಳಿದಂತೆಯೇ. ಇಷ್ಟು ಹೇಳುವ ವೈದ್ಯರನ್ನು ನಾನು ಹೆಚ್ಚು ನಂಬುತ್ತೇನೆ.

ಗೊತ್ತಿದ್ದೂ ಹೇಳದಿದ್ದರೆ?

ಪುಸ್ತಕದ ದೊಡ್ಡ ಕೊರತೆ ಬೇರೆಯಿದೆ. ವೈದ್ಯರಿಗೆ ಸಂಖ್ಯೆಗಳು ಸರಿಯಾಗಿ ಅರ್ಥವಾಗಿ, ಅವನ್ನು ಸರಿಯಾದ ರೂಪದಲ್ಲಿ ಹೇಳಲು ಬಂದರೆ ಸಮಸ್ಯೆ ಬಹುಪಾಲು ಬಗೆಹರಿಯುತ್ತದೆ ಎಂಬ ಧ್ವನಿ ಪುಸ್ತಕದ ಉದ್ದಕ್ಕೂ ಇದೆ. ಆದರೆ ಸಂಖ್ಯೆ ಖಚಿತವಾಗಿ ಗೊತ್ತಿದ್ದೂ ಹೇಳದಿದ್ದ ಪ್ರಕರಣಗಳಿಗೆ ಏನನ್ನಬೇಕು?

ಪುಸ್ತಕ ಬಂದು ಹದಿಮೂರು ವರ್ಷಗಳ ನಂತರ, 2015ರ ಮಾರ್ಚ್‌ನಲ್ಲಿ, ಬ್ರಿಟನ್ನಿನ ಸರ್ವೋಚ್ಚ ನ್ಯಾಯಾಲಯ ಸ್ಕಾಟ್‌ಲೆಂಡಿನ ಲಾನಾರ್ಕ್‌ಷೈರ್‌ನಿಂದ ಬಂದ ಪ್ರಕರಣವೊಂದರಲ್ಲಿ ತೀರ್ಪು ನೀಡಿತು. ಸಕ್ಕರೆ ಕಾಯಿಲೆಯಿದ್ದ, ಕುಳ್ಳ ದೇಹದ ಗರ್ಭಿಣಿಯೊಬ್ಬರು ಮಗು ದೊಡ್ಡದಾಗಿದೆಯೆಂಬ ಆತಂಕವನ್ನು ವೈದ್ಯರಲ್ಲಿ ತೋಡಿಕೊಂಡಿದ್ದರು. ಇಂಥ ತಾಯಂದಿರ ಸಹಜ ಹೆರಿಗೆಯಲ್ಲಿ ಮಗುವಿನ ಭುಜ ಸಿಕ್ಕಿಕೊಳ್ಳುವ ಅಪಾಯ ನೂರರಲ್ಲಿ 9ರಿಂದ 10 ಎಂಬುದು ವೈದ್ಯರಿಗೆ ಗೊತ್ತಿತ್ತು. ಅವರು ಅದನ್ನು ಹೇಳಲಿಲ್ಲ. ಮಗುವಿಗೆ ಗಂಭೀರ ಹಾನಿಯಾಗುವ ಸಂಭವ ಬಹಳ ಕಡಿಮೆ, ಅಪಾಯದ ಮಾತೆತ್ತಿದರೆ ಎಲ್ಲರೂ ಸಿಸೇರಿಯನ್ ಕೇಳುತ್ತಾರೆ, ಅದು ತಾಯಂದಿರ ಹಿತಕ್ಕಲ್ಲ ಎಂಬುದು ಅವರ ವಾದ. 1999ರಲ್ಲಿ ನಡೆದ ಆ ಹೆರಿಗೆಯಲ್ಲಿ ಮಗುವಿನ ಭುಜ ಸಿಕ್ಕಿಕೊಂಡಿತು. ಹನ್ನೆರಡು ನಿಮಿಷಗಳ ಹೋರಾಟದ ನಂತರ ಜನಿಸಿದ ಮಗು ಮಿದುಳಿನ ಹಾನಿಗೆ ತುತ್ತಾಗಿತ್ತು. ಆ ತಾಯಿಯ ಸ್ಥಾನದಲ್ಲಿರುವ ವ್ಯಕ್ತಿಗೆ ಮಹತ್ವದ್ದೆನಿಸುವ ಅಪಾಯವನ್ನು ತಿಳಿಸುವುದು ವೈದ್ಯರ ಕರ್ತವ್ಯ ಎಂದು ನ್ಯಾಯಾಲಯ ಹೇಳಿತು.

ಇಲ್ಲಿ ಲೆಕ್ಕ ತಪ್ಪಿರಲಿಲ್ಲ. ಶೇಕಡಾವಾರು ರೂಪದ ಗೊಂದಲವೂ ಇರಲಿಲ್ಲ. ನಿರ್ಧಾರ ಯಾರದ್ದು ಎಂಬ ಪ್ರಶ್ನೆಯಲ್ಲಿ ತಪ್ಪಾಗಿತ್ತು. ವೈದ್ಯರು ರೋಗಿಯ ಪರವಾಗಿ ತಾವೇ ತೂಗಿ ನೋಡಿ, ಉತ್ತರವನ್ನಷ್ಟೇ ಕೊಟ್ಟರು. ಎಷ್ಟೇ ಸದುದ್ದೇಶವಿದ್ದರೂ ಇದು ರೋಗಿಯ ತಕ್ಕಡಿಯನ್ನು ಕಿತ್ತುಕೊಂಡಂತೆ.

ನಮ್ಮ ಸುಪ್ರೀಂ ಕೋರ್ಟಿನ ಮುಂದೂ ಇಂಥ ಪ್ರಶ್ನೆ ಬಂದಿದೆ. ತಪಾಸಣೆಗಾಗಿ ಅರಿವಳಿಕೆ ಪಡೆದಿದ್ದ ಮಹಿಳೆಯೊಬ್ಬರ ಗರ್ಭಕೋಶವನ್ನೂ ಅಂಡಾಶಯಗಳನ್ನೂ, ಆಕೆ ಎಚ್ಚರವಿಲ್ಲದಾಗ ಆಕೆಯ ತಾಯಿಯ ಒಪ್ಪಿಗೆ ಪಡೆದು, ತೆಗೆದುಹಾಕಲಾಗಿತ್ತು. 2008ರ ಜನವರಿಯಲ್ಲಿ ನ್ಯಾಯಾಲಯ, ತಪಾಸಣೆಗೆ ಕೊಟ್ಟ ಒಪ್ಪಿಗೆ ಶಸ್ತ್ರಚಿಕಿತ್ಸೆಗೆ ಕೊಟ್ಟ ಒಪ್ಪಿಗೆಯಲ್ಲ ಎಂದು ಸ್ಪಷ್ಟಪಡಿಸಿತು. ಆದರೆ ಎಷ್ಟು ಮಾಹಿತಿ ನೀಡಬೇಕು ಎಂಬುದರಲ್ಲಿ, ದೇಶದ ಸ್ಥಿತಿಗತಿಯನ್ನು ಪರಿಗಣಿಸಿ, ರೋಗಿಯ ದೃಷ್ಟಿಯ ಅಳತೆಗೋಲಿಗಿಂತ ವೈದ್ಯವೃತ್ತಿ ಸೂಕ್ತವೆಂದು ಒಪ್ಪಿದ ಅಳತೆಗೋಲನ್ನೇ ಆಗ ಆಯ್ದುಕೊಂಡಿತು.

ಈ ಸ್ಥಿತಿಗತಿ ಎಂಬುದು ಬರಿಯ ನೆಪವಲ್ಲ. 67 ದೇಶಗಳ ಅಂಕಿಅಂಶಗಳನ್ನು ಕಲೆಹಾಕಿ 2017ರಲ್ಲಿ ಪ್ರಕಟವಾದ ವಿಮರ್ಶಾಲೇಖನದ ಪ್ರಕಾರ ಪ್ರಾಥಮಿಕ ಹಂತದ ವೈದ್ಯರು ಒಬ್ಬ ರೋಗಿಗೆ ನೀಡುವ ಸರಾಸರಿ ಸಮಯ ಸ್ವೀಡನ್ನಿನಲ್ಲಿ 22.5 ನಿಮಿಷ, ಬಾಂಗ್ಲಾದೇಶದಲ್ಲಿ 48 ಸೆಕೆಂಡ್. ಭಾರತದ್ದು ಸುಮಾರು ಎರಡು ನಿಮಿಷ. ಎರಡು ನಿಮಿಷಗಳಲ್ಲಿ ಸಾವಿರ ಮಹಿಳೆಯರನ್ನು ಕಲ್ಪಿಸಿಕೊಂಡು 77ಕ್ಕೆ ಬರುವುದು ಹೇಗೆ? ಬರ್ಲಿನ್ನಿನಲ್ಲಿ ಕುಳಿತು ಬರೆದ ಪುಸ್ತಕಕ್ಕೆ ಈ ಪ್ರಶ್ನೆ ಹೊಳೆದಿಲ್ಲ. ಹೊರಗೆ ಅರವತ್ತು ಜನ ಕಾಯುತ್ತಿರುವಾಗ 'ನೂರಕ್ಕೆ ನೂರು' ಎನ್ನುವುದು ಅತಿ ಕಡಿಮೆ ಸಮಯ ಬೇಡುವ ಉತ್ತರ ಎಂಬುದನ್ನು ವೈದ್ಯರ ಪರವಾಗಿ ಹೇಳಲೇಬೇಕು.

ಆದರೆ ಆ ಉತ್ತರದ ಬೆಲೆಯನ್ನು ಮುಂದೆ ಯಾರೋ ತೆರುತ್ತಾರೆ. ನೂರಕ್ಕೆ ನೂರು ಎಂಬ ಭರವಸೆ ಕೇಳಿ ಒಳಹೋದ ರೋಗಿ ಹೊರಬರದಿದ್ದಾಗ ಮನೆಯವರಿಗೆ ಉಳಿಯುವ ವಿವರಣೆ ಒಂದೇ: ಯಾರೋ ತಪ್ಪು ಮಾಡಿದ್ದಾರೆ. ಆಸ್ಪತ್ರೆಗಳ ಮೇಲೆ ನಡೆಯುವ ಹಲ್ಲೆಗಳಿಗೆ ಕಾರಣಗಳು ಹಲವು. ಕರ್ನಾಟಕದಲ್ಲಿ 2009ರಲ್ಲೇ ವೈದ್ಯ ಸಿಬ್ಬಂದಿಯ ರಕ್ಷಣೆಗೆ ಪ್ರತ್ಯೇಕ ಕಾಯಿದೆ ತರಬೇಕಾಯಿತು. ಕಾಯಿದೆ ಕಲ್ಲೆಸೆತವನ್ನು ಶಿಕ್ಷಿಸಬಹುದು. ಮೊದಲೇ 'ಇಂಥ ನೂರು ಜನರಲ್ಲಿ ಐವರು ಉಳಿಯುವುದಿಲ್ಲ, ನಾವು ಪೂರ್ತಿ ಪ್ರಯತ್ನ ಮಾಡುತ್ತೇವೆ' ಎಂದು ಕೇಳಿಸಿಕೊಂಡ ಮನೆಯವರಿಗೆ ದುಃಖವಾಗುತ್ತದೆ. ವಂಚನೆಯಾಯಿತು ಎಂದು ಅನ್ನಿಸುವ ಸಂಭವ ಕಡಿಮೆ.

ಹೇಳಿದರೆ ನಂಬಿಕೆ ಕೆಡುತ್ತದೆಯೇ?

'ಜನರಿಗೆ ಸಂಖ್ಯೆ ಹೇಳಿದರೆ ಹೆದರಿ ಓಡುತ್ತಾರೆ' ಎಂಬ ಆಕ್ಷೇಪಕ್ಕೆ 1995ರ ಗುಳಿಗೆ ಪ್ರಕರಣವನ್ನೇ ಪುರಾವೆಯಾಗಿ ತರುವವರಿದ್ದಾರೆ. ಅದೇ ದೇಶದಲ್ಲಿ 2021ರ ಏಪ್ರಿಲ್‌ನಲ್ಲಿ ನಡೆದದ್ದನ್ನು ಅದರ ಪಕ್ಕದಲ್ಲಿಟ್ಟು ನೋಡಬೇಕು. ಆಸ್ಟ್ರಾಝೆನೆಕಾ ಕೋವಿಡ್ ಲಸಿಕೆಯಿಂದ ಬಹಳ ಅಪರೂಪವಾಗಿ ರಕ್ತ ಹೆಪ್ಪುಗಟ್ಟುವುದು ಕಂಡುಬಂದಿತ್ತು. ಈ ಸಲ ಅಧಿಕಾರಿಗಳು ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ವಿಂಟನ್ ಕೇಂದ್ರ ಸಿದ್ಧಪಡಿಸಿದ ನಕ್ಷೆಯನ್ನು ದೂರದರ್ಶನದಲ್ಲಿ ಎಲ್ಲರ ಮುಂದಿಟ್ಟರು. ಸೋಂಕು ಕಡಿಮೆ ಹರಡಿರುವ ಸ್ಥಿತಿಯಲ್ಲಿ, 60ರಿಂದ 69 ವರ್ಷದ ಒಂದು ಲಕ್ಷ ಜನರಲ್ಲಿ ಲಸಿಕೆಯಿಂದ ತೀವ್ರ ನಿಗಾ ಘಟಕಕ್ಕೆ ಸೇರುವುದು ತಪ್ಪುವವರು 14.1, ಲಸಿಕೆಯಿಂದ ಗಂಭೀರ ಹಾನಿಯಾಗುವವರು 0.2. ಇಪ್ಪತ್ತರ ಹರೆಯದವರಲ್ಲಿ ತಪ್ಪುವವರು 0.8, ಹಾನಿಯಾಗುವವರು 1.1. ಲಾಭಕ್ಕೂ ಹಾನಿಗೂ ಒಂದೇ ಛೇದ, ಒಂದು ಲಕ್ಷ. 30ರ ಒಳಗಿನವರಿಗೆ ಬೇರೆ ಲಸಿಕೆ ನೀಡಲು ಏಕೆ ಸಲಹೆ ನೀಡಲಾಯಿತು, ಹಿರಿಯರಿಗೆ ಅದೇ ಲಸಿಕೆ ಏಕೆ ಮುಂದುವರಿಯಿತು ಎಂಬುದು ನೋಡಿದವರಿಗೇ ತಿಳಿಯುವಂತಿತ್ತು. ಬ್ರಿಟನ್ನಿನ ಲಸಿಕಾ ಕಾರ್ಯ ಕುಸಿದುಬೀಳಲಿಲ್ಲ.

ಇದೇ ಲಸಿಕೆ ನಮ್ಮಲ್ಲಿ ಕೋವಿಶೀಲ್ಡ್ ಎಂಬ ಹೆಸರಿನಲ್ಲಿ ಬಳಕೆಯಾಯಿತು. ಕಂಪನಿ ಈ ಅಪರೂಪದ ಹಾನಿಯನ್ನು ಲಂಡನ್ನಿನ ನ್ಯಾಯಾಲಯದಲ್ಲಿ ಒಪ್ಪಿಕೊಂಡಿದೆ ಎಂಬ ಸುದ್ದಿ 2024ರಲ್ಲಿ ಬಂದಾಗ, ಮೂರು ವರ್ಷ ಹಿಂದೆ ಲಸಿಕೆ ಪಡೆದವರೂ ಇಲ್ಲಿ ಕಂಗಾಲಾದರು. ಹಾನಿ ಇದೆ ಎಂಬ ಅಂಶ ಎಲ್ಲರನ್ನೂ ತಲುಪಿತು. ಎಷ್ಟು ಲಕ್ಷ ಜನರಲ್ಲಿ, ಲಸಿಕೆ ಪಡೆದ ಎಷ್ಟು ದಿನಗಳೊಳಗೆ ಎಂಬ ಛೇದ ತಲುಪಲಿಲ್ಲ. ಆ ಹಾನಿ ಸಾಮಾನ್ಯವಾಗಿ ಲಸಿಕೆಯ ನಂತರದ ಕೆಲವೇ ವಾರಗಳಲ್ಲಿ ಕಾಣಿಸಿಕೊಳ್ಳುವಂಥದ್ದು. ಇದನ್ನು ಮೊದಲೇ, ಸೂಜಿ ಚುಚ್ಚುವ ದಿನವೇ, ಸರಳವಾಗಿ ಹೇಳಿದ್ದರೆ ಅಷ್ಟು ತಡವಾಗಿ ಭಯಪಡಬೇಕಿರಲಿಲ್ಲ.

ನಮ್ಮ ತರಗತಿಯಲ್ಲೇ ಇರುವ ಲೆಕ್ಕ

ಗಿಗರೆನ್ಝರ್ ಪುಸ್ತಕದ ಕೊನೆಯ ಭಾಗ ಬೋಧನೆಗೆ ಮೀಸಲು. ಸೂತ್ರ ಕಲಿತವರು ಕೆಲವೇ ವಾರಗಳಲ್ಲಿ ಮರೆಯುತ್ತಾರೆ, ತಲೆಯೆಣಿಕೆ ಕಲಿತವರಲ್ಲಿ ಅದು ಉಳಿಯುತ್ತದೆ ಎಂಬುದು ಅವರ ಪ್ರಯೋಗಗಳ ಸಾರ. ಇದನ್ನು ಪರೀಕ್ಷಿಸಲು ನಮ್ಮ ಅಧ್ಯಾಪಕರು ಬರ್ಲಿನ್ನಿಗೆ ಹೋಗಬೇಕಿಲ್ಲ. ನಮ್ಮ ದ್ವಿತೀಯ ಪಿಯುಸಿಯಲ್ಲಿ ಬಳಸುವ ಎನ್‌ಸಿಇಆರ್‌ಟಿ ಗಣಿತ ಪುಸ್ತಕದ ಸಂಭವನೀಯತೆಯ ಅಧ್ಯಾಯದಲ್ಲಿ ಎಚ್‌ಐವಿ ಪರೀಕ್ಷೆಯ ಲೆಕ್ಕವೊಂದಿದೆ. ಸೋಂಕು ಇರುವವರು ಶೇ. 0.1. ಪರೀಕ್ಷೆ ಸೋಂಕಿತರಲ್ಲಿ ಶೇ. 90 ಮಂದಿಯನ್ನು ಪತ್ತೆ ಮಾಡುತ್ತದೆ, ಸೋಂಕಿಲ್ಲದವರಲ್ಲಿ ಶೇ. 1 ಮಂದಿಗೆ ತಪ್ಪಾಗಿ ಪಾಸಿಟಿವ್ ಎನ್ನುತ್ತದೆ. ಪಾಸಿಟಿವ್ ಬಂದವರಿಗೆ ನಿಜಕ್ಕೂ ಸೋಂಕು ಇರುವ ಸಂಭವನೀಯತೆ ಎಷ್ಟು? ಉತ್ತರ 90/1089, ಅಂದರೆ ಸುಮಾರು 0.083.

ವಿದ್ಯಾರ್ಥಿಗಳು ಸೂತ್ರಕ್ಕೆ ಸಂಖ್ಯೆ ತುಂಬಿ ದಶಮಾಂಶ ಬರೆದು ಮುಂದಿನ ಲೆಕ್ಕಕ್ಕೆ ಹೋಗುತ್ತಾರೆ. ಅಲ್ಲಿ ಒಂದು ನಿಮಿಷ ನಿಲ್ಲಿಸಿ. ಒಂದು ಲಕ್ಷ ಜನರಿರುವ ಒಂದು ಪಟ್ಟಣವನ್ನು ಕಲ್ಪಿಸಿಕೊಳ್ಳಲು ಹೇಳಿ. ಸೋಂಕಿತರು 100, ಅವರಲ್ಲಿ ಪಾಸಿಟಿವ್ 90. ಸೋಂಕಿಲ್ಲದವರು 99,900; ಅವರಲ್ಲಿ ತಪ್ಪಾಗಿ ಪಾಸಿಟಿವ್ 999. ಒಟ್ಟು 1,089. ಪುಸ್ತಕದ ಉತ್ತರದಲ್ಲೇ ಜನರು ಅಡಗಿ ಕುಳಿತಿದ್ದಾರೆ! ದಶಮಾಂಶಕ್ಕೆ ಇಳಿಸಿದೊಡನೆ ಅವರು ಮಾಯವಾಗುತ್ತಾರೆ. ಪಠ್ಯದ ಸಂಖ್ಯೆಗಳು ಅಭ್ಯಾಸಕ್ಕಾಗಿ ಇಟ್ಟವು, ಇಂದಿನ ಪರೀಕ್ಷೆಗಳು ಇದಕ್ಕಿಂತ ನಿಖರ, ಮತ್ತು ನಮ್ಮ ದೇಶದಲ್ಲಿ ರೋಗಲಕ್ಷಣವಿಲ್ಲದವರಿಗೆ ಮೂರು ಬೇರೆ ಬೇರೆ ಕಿಟ್‌ಗಳಲ್ಲಿ ಪರೀಕ್ಷಿಸಿದ ನಂತರವೇ ಸೋಂಕನ್ನು ಘೋಷಿಸುವ ನಿಯಮವಿದೆ ಎಂಬುದನ್ನೂ ಹೇಳಿ. ಆ ಮೂರು ಕಿಟ್‌ಗಳು ಏಕೆ ಬೇಕು ಎಂಬುದಕ್ಕೆ 999 ಎಂಬ ಸಂಖ್ಯೆಯೇ ವಿವರಣೆ.

ಆ ತರಗತಿಯ ಕೆಲವರು ನಾಳೆ ವೈದ್ಯರಾಗುತ್ತಾರೆ. ಉಳಿದವರೆಲ್ಲ ಒಂದಲ್ಲ ಒಂದು ದಿನ ರೋಗಿಗಳಾಗುತ್ತಾರೆ.

ಭಾಷೆಯ ಮಾತೂ ಇಲ್ಲೇ ಸೇರುತ್ತದೆ. ಶೇಕಡಾವಾರು ಎಂಬುದು ಶಾಲೆ ಕಲಿಸಿದ ಮಾತು. 'ಹತ್ತರಲ್ಲಿ ಇಬ್ಬರು', 'ನೂರಕ್ಕೆ ಐದು' ಎಂಬುದು ಸಂತೆಯಲ್ಲೂ ಹೊಲದಲ್ಲೂ ನಡೆಯುವ ಕನ್ನಡ. ನೂರು ತೆಂಗಿನ ಸಸಿಯಲ್ಲಿ ಎಷ್ಟು ಬದುಕಿದವು ಎಂದು ಲೆಕ್ಕ ಹಾಕುವ ರೈತನಿಗೆ ತಲೆಯೆಣಿಕೆಯನ್ನು ಹೊಸದಾಗಿ ಕಲಿಸಬೇಕಿಲ್ಲ. ಅವನಿಗೆ ಕಷ್ಟವಾಗುವುದು ವರದಿಯಲ್ಲಿರುವ 'ಪಾಸಿಟಿವ್', 'ನೆಗೆಟಿವ್' ಎಂಬ ಪದಗಳು. ನೆಗೆಟಿವ್ ಎಂದರೆ ಕೆಟ್ಟದ್ದು ಎಂದು ತಿಳಿದು ಕಣ್ಣೀರು ಹಾಕುವವರಿಗೆ 'ರೋಗ ಕಂಡುಬಂದಿಲ್ಲ' ಎಂಬ ಎರಡು ಮಾತು ಸೇರಿಸಿ ಮುದ್ರಿಸಲು ಪ್ರಯೋಗಾಲಯಗಳಿಗೆ ಎಷ್ಟು ಖರ್ಚಾದೀತು?

'ರೆಕನಿಂಗ್ ವಿತ್ ರಿಸ್ಕ್' ಪುಸ್ತಕ ವಿಜ್ಞಾನ ಶಿಕ್ಷಕರು, ವೈದ್ಯ ವಿದ್ಯಾರ್ಥಿಗಳು ಓದಲೇಬೇಕಾದದ್ದು. ಅದರ ಅಂಕಿಗಳು ಹಳೆಯವಾಗಿವೆ. ತಪಾಸಣೆಯ ಲಾಭ-ಹಾನಿಗಳ ಚರ್ಚೆ ಅಲ್ಲಿಂದ ಬಹಳ ಮುಂದೆ ಸಾಗಿದೆ. ವಿಧಾನ ಹಳೆಯದಾಗಿಲ್ಲ. ನಿರ್ಧರಿಸುವ ಹಕ್ಕು, ಸಮಯ, ಭಾಷೆ ಇವುಗಳಿಗೆ ಅದು ಸಾಕಷ್ಟು ಒತ್ತು ಕೊಟ್ಟಿಲ್ಲ ಎಂಬುದನ್ನು ನೆನಪಿನಲ್ಲಿಟ್ಟು ಓದಬೇಕು. ಅದರ ಕನ್ನಡ ಅನುವಾದಕ್ಕಿಂತ, ನಮ್ಮ ಜಿಲ್ಲೆಗಳ ಎಣಿಕೆಯನ್ನು ಆಧರಿಸಿ ನಮ್ಮ ವೈದ್ಯರೇ ಬರೆದ ಇಂಥ ಪುಸ್ತಕವೊಂದು ನಮಗೆ ಹೆಚ್ಚು ಬೇಕಾಗಿದೆ. ಅದು ಬರುವವರೆಗೆ ರೋಗಿಗಳಾದ ನಾವು ವೈದ್ಯರನ್ನು ವಿನಯದಿಂದಲೇ ಕೇಳಬಹುದಾದ ಮೂರು ಪ್ರಶ್ನೆಗಳಿವೆ: ನನ್ನಂಥ ನೂರು ಜನರಲ್ಲಿ ಎಷ್ಟು ಮಂದಿಗೆ ಇದರಿಂದ ಗುಣವಾಗುತ್ತದೆ? ಎಷ್ಟು ಮಂದಿಗೆ ತೊಂದರೆಯಾಗುತ್ತದೆ? ಏನೂ ಮಾಡದೆ ಬಿಟ್ಟರೆ ಎಷ್ಟು ಮಂದಿಗೆ ಏನಾಗುತ್ತದೆ? ಎರಡು ನಿಮಿಷಗಳಲ್ಲಿ ಇಷ್ಟನ್ನು ಕೇಳಲು ಸಾಧ್ಯವಿದೆ. "ಸರಿಯಾಗಿ ಗೊತ್ತಿಲ್ಲ, ಸುಮಾರಾಗಿ ಹೇಳಬಲ್ಲೆ" ಎಂಬ ಉತ್ತರ ಬಂದರೆ ಅದನ್ನು ವೈದ್ಯರ ಅಜ್ಞಾನವೆಂದು ತಿಳಿಯದಿರುವುದು ನಮ್ಮ ಪಾಲಿನ ಕೆಲಸ.